ಏಳದೆ ಕೂತವರು

ಯೋಗ ಕಲಿಸುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ನನ್ನ ಮನೆಗೆ ಬರುತ್ತಾರೆ. ಅವರ ಹೆಗಲಿಗೆ ಬಣ್ಣದ ಚಾಪೆಯ ಸುರುಳಿ ಇರುತ್ತದೆ. "ಅಕ್ಕೋರ, ನಿಮ್ಮ ಕಾಲದಾಗ ಹೆಂಗಿತ್ರಿ?" ಎಂದು ಕೇಳುತ್ತಾರೆ. ನನ್ನ ಕಾಲದಲ್ಲಿ ನನ್ನ ಹೆಗಲ ಮೇಲಿದ್ದದ್ದು ಕಂಬಳಿಯ ಗಂಟು. ಟಿಕೋಟಾದ ಬಸ್ಸು ಹತ್ತಿದರೆ ಕಂಡಕ್ಟರು, "ಕಂಬಳಿ ಮಾರಾವ್ರು ಗಂಟು ಮ್ಯಾಲ ಹಾಕ್ರಿ" ಎನ್ನುತ್ತಿದ್ದ. ಮಾರುವುದಲ್ಲಪ್ಪಾ, ಇದರ ಮೇಲೆ ಜನರನ್ನು ಮಲಗಿಸುವುದು ಎಂದು ಮೊದಮೊದಲು ವಿವರಿಸುತ್ತಿದ್ದೆ. ಆ ವಿವರಣೆಯಿಂದ ಇನ್ನಷ್ಟು ಗೊಂದಲವಾಗುವುದನ್ನು ಕಂಡು ಬಿಟ್ಟುಬಿಟ್ಟೆ. ಒಬ್ಬ ಅಜ್ಜಿಯಂತೂ ಬಸ್ಸಿನಲ್ಲೇ ಗಂಟು ಬಿಚ್ಚಿಸಿ, ಅಂಚು ತಿರುವಿ ನೋಡಿ, "ನೇಯ್ಗಿ ಬಿಗಿ ಇಲ್ಲ ಬಿಡವಾ" ಎಂದು ವಾಪಸು ಕೊಟ್ಟಳು.

ಈ ಹುಡುಗರಿಗೆ ಆಸನಗಳ ಬಗ್ಗೆ ನಾನು ಹೇಳಬೇಕಾದ್ದು ಏನೂ ಉಳಿದಿಲ್ಲ. ಕೆಲಸ ನಿಜಕ್ಕೂ ಹೇಗಿತ್ತು ಎನ್ನುವುದನ್ನು ಮಾತ್ರ ಬರೆದಿಡುತ್ತೇನೆ. ಮೊದಲೇ ಹೇಳಿಬಿಡುವುದು ಒಳ್ಳೆಯದು: ಅದು ಒಂಟಿ ಕೆಲಸ.

ಎಪ್ಪತ್ತರ ದಶಕ. ಈಗ ವಿಜಯಪುರ ಎನ್ನುತ್ತಾರೆ, ನನ್ನ ಬಾಯಿಗೆ ಇಂದಿಗೂ ಅದು ವಿಜಾಪುರ. ಅಲ್ಲಿನ ಒಂದು ಹೆಣ್ಣುಮಕ್ಕಳ ಸಾಲೆಯಲ್ಲಿ ನಾನು ವ್ಯಾಯಾಮ ಶಿಕ್ಷಕಿ. ಸಾಲೆ ನಡೆಸುತ್ತಿದ್ದ ಸಂಸ್ಥೆಯ ಕಾರ್ಯದರ್ಶಿ ದೇಸಾಯಿ ಸಾಹೇಬರಿಗೆ ಯೋಗದ ಹುಚ್ಚು. ತಾವು ಮಾಡುವ ಹುಚ್ಚಲ್ಲ, ಮಾಡಿಸಿ ನೋಡುವ ಹುಚ್ಚು. ಸುತ್ತಲಿನ ಹಳ್ಳಿಗಳಲ್ಲಿ ಒಬ್ಬೊಬ್ಬ ಸಾಲೆ ಮಾಸ್ತರನ್ನು ಹಿಡಿದು, ಬೆಳಗಿನ ಯೋಗದ ವರ್ಗ ನಡೆಸುವಂತೆ ಮಾಡಿದ್ದರು. ಜನವರಿ ಇಪ್ಪತ್ತಾರಕ್ಕೆ ಆ ಮಾಸ್ತರುಗಳೆಲ್ಲ ತಮ್ಮ ಶಿಷ್ಯರೊಡನೆ ಮೈದಾನಕ್ಕೆ ಬಂದು ಮಯೂರಾಸನ, ಶೀರ್ಷಾಸನ ಹಾಕಿ ನಿಲ್ಲಬೇಕು. ಜನ ಬಾಯಿ ತೆರೆದು ನೋಡಬೇಕು. ಸಾಹೇಬರ ಲೆಕ್ಕದಲ್ಲಿ ಯೋಗ ಎಂದರೆ ಅಷ್ಟೇ.

ಒಮ್ಮೆ ಪುಣೆಯ ಕಡೆಯ ಒಂದು ಆಶ್ರಮದಲ್ಲಿ ಯೋಗ ಶಿಕ್ಷಕರಿಗೆ ಮರುತರಬೇತಿ ಇದೆ ಎಂದು ತಿಳಿಯಿತು. ರೋಗಿಗಳಿಗೆ, ಮುದುಕರಿಗೆ, ಅಂಗವೈಕಲ್ಯ ಇದ್ದವರಿಗೆ ಯೋಗ ಹೇಗೆ ಕಲಿಸಬೇಕು ಎನ್ನುವುದು ಅದರ ವಿಷಯ. ಹೆಂಡತಿ ಮಕ್ಕಳನ್ನು ಬಿಟ್ಟು ಅಷ್ಟು ದಿನ ಹೋಗಲು ಯಾವ ಮಾಸ್ತರೂ ಒಪ್ಪಲಿಲ್ಲ. ನನಗೆ ಮದುವೆಯಾಗಿರಲಿಲ್ಲ, ತಂದೆತಾಯಿ ತೀರಿಹೋಗಿದ್ದರು, ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನನ್ನ ದಾರಿ ಕಾಯುವವರು ಯಾರೂ ಇರಲಿಲ್ಲ. ಹಾಗಾಗಿ ನನ್ನನ್ನು ಕಳಿಸಿದರು. ಜಾಣೆ ಎಂದು ಕಳಿಸಲಿಲ್ಲ, ಬಿಡುವಾಗಿದ್ದಾಳೆ ಎಂದು ಕಳಿಸಿದರು.

ಅಲ್ಲಿ ಕಲಿತದ್ದು ನಾನು ಅದುವರೆಗೆ ಕಲಿಸಿದ್ದಕ್ಕೆ ತಿರುವುಮುರುವಾಗಿತ್ತು. ನಮ್ಮಲ್ಲಿ ಮುಂದೆ ಬಾಗಲಾರದವರ ಬೆನ್ನ ಮೇಲೆ ಕೈಯಿಟ್ಟು ಒತ್ತುವುದೇ ಪಾಠ. ಅಲ್ಲಿ, ಬಾಗಲಾರದವರ ಹಣೆಯ ಹತ್ತಿರಕ್ಕೆ ದಿಂಬನ್ನು ಎತ್ತಿ ತಂದರು. ಮೊಣಕಾಲು ನೆಲಕ್ಕೆ ತಾಗದಿದ್ದರೆ ಕೆಳಗೆ ಕಂಬಳಿಯ ಮಡಿಕೆ. ನಿಲ್ಲಲಾರದವರಿಗೆ ಗೋಡೆ. ನೆಲಕ್ಕೆ ಕೂರಲಾರದವರಿಗೆ ಖುರ್ಚಿ. ಮೊಣಕಾಲಿನ ಎಲುಬುಗಳು ಹೇಗೆ ಸವೆಯುತ್ತವೆ ಎಂದು ಒಬ್ಬ ಡಾಕ್ಟರು ಕೈಯಲ್ಲಿ ಎಲುಬು ಹಿಡಿದು ತೋರಿಸಿದರು. ಆ ರಾತ್ರಿಯೂಟದ ಹೊತ್ತಿಗೆ ನಾನು ಒತ್ತಿದ ಬೆನ್ನುಗಳೆಲ್ಲ ಒಂದೊಂದಾಗಿ ನೆನಪಾದವು.

ಊರಿಗೆ ಬಂದು ಸಾಹೇಬರಿಗೆ ಇದನ್ನೆಲ್ಲ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಖುರ್ಚಿ ಮ್ಯಾಲ ಕುಂತ ಕೈ ಎತ್ತೂದು ಯೋಗ ಅಂದ್ರ, ನಮ್ಮ ಆಫೀಸಿನ ಕ್ಲಾರ್ಕಗೋಳು ಎಲ್ಲಾರೂ ಯೋಗಿಗಳ ಆದ್ರಲ್ಲರಿ!" ಆದರೆ ಕಳಿಸಿದ ಖರ್ಚು ವ್ಯರ್ಥವಾಗಬಾರದಲ್ಲ. ಸಾಲೆಯ ತಾಸು ಕಡಿಮೆ ಮಾಡಿಸುತ್ತೇನೆ, ಹಳ್ಳಿಗಳಿಗೆ ಹೋಗಿ ಹೊಸ ಪದ್ಧತಿ ತೋರಿಸು, ತಿಂಗಳಿಗೊಂದು ಭಾನುವಾರ ಮಾಸ್ತರುಗಳನ್ನು ಸಾಲೆಗೆ ಕರೆದು ಕಲಿಸು ಎಂದು ಅಪ್ಪಣೆ ಕೊಟ್ಟರು.

ಆಶ್ರಮದಲ್ಲಿ ಕಂಡಂಥ ಗಟ್ಟಿ ಲೋಡುಗಳು ಬೇಕೆಂದು ನಮ್ಮ ಓಣಿಯ ಪಿಂಜಾರ ದಸ್ತಗೀರ ಚಾಚಾನ ಹತ್ತಿರ ಹೋದೆ. ಗಾದಿ ತುಂಬುವುದರಲ್ಲಿ ಊರಿಗೆಲ್ಲ ಹೆಸರಾದವನು. ಎಷ್ಟು ಗಟ್ಟಿ ಇರಬೇಕು ಎಂದು ಹೇಳಿದಾಗ ಅರಳೆ ಬಡಿಯುವ ಬಿಲ್ಲು ಕೆಳಗಿಟ್ಟ. "ಬಾಯಾರ, ಇಷ್ಟ ಬಿಗಿ ತುಂಬಿದ್ರ ಅಳಿಯಾ ಒಂದ ದಿನಾ ಮನ್ಯಾಗ ನಿಲ್ಲಂಗಿಲ್ರಿ" ಎಂದ. ಮಲಗಲಿಕ್ಕಲ್ಲ, ಬೆನ್ನುನೋವಿನವರಿಗೆ ಎಂದೆ. ಮಾರನೆಯ ದಿನ ಅವನೇ ಅದರ ಮೇಲೆ ಬೆನ್ನು ಚಾಚಿ ಕಣ್ಣು ಮುಚ್ಚಿಕೊಂಡಿದ್ದ. ಎಬ್ಬಿಸಿ ಲೋಡು ಇಸಕೊಳ್ಳಬೇಕಾಯಿತು.

ಮೊದಲ ಪಾಠ ಟಿಕೋಟಾದಲ್ಲಿ. ಸಾಲೆಯ ಅಂಗಳದಲ್ಲಿ ಅಲ್ಲಿ ಇಲ್ಲಿ ಬೇಡಿ ತಂದ ಖುರ್ಚಿಗಳನ್ನು ಸಾಲಾಗಿ ಹಾಕಿಸಿದೆ. ಮೊಣಕಾಲು ನೋವು, ಸೊಂಟ ನೋವು ಇದ್ದ ಹೆಂಗಸರು ಬರಲಿ ಎಂದು ಡಂಗುರವನ್ನೂ ಹೊಡೆಸಿದ್ದೆ. ಘೋಣಸಗಿ, ಕಳ್ಳಕವಟಗಿಯಿಂದಲೂ ಬಂದರು. ಬಂದವರು ಖುರ್ಚಿಗಳನ್ನು ನೋಡಿದರು, ಸೆರಗು ಸರಿಮಾಡಿಕೊಂಡರು, ಒಬ್ಬೊಬ್ಬರೂ ಒಂದೊಂದು ಖುರ್ಚಿಯ ಮುಂದೆ ನೆಲದ ಮೇಲೆ ಕೂತು ಅದರ ಕಾಲಿಗೆ ಬೆನ್ನು ಆನಿಸಿದರು. ಮೇಲೆ ಕೂರಿ ಎಂದೆ. ಯಾರೂ ಏಳಲಿಲ್ಲ.

ಒಬ್ಬ ಸೊಸೆ ಹತ್ತಿರ ಬಂದು ಮೆಲ್ಲಗೆ ಹೇಳಿದಳು, "ಅಕ್ಕೋರ, ನಮ್ಮತ್ತಿ ಕೆಳಗ ಕುಂತಾಳ್ರಿ. ನಾ ಖುರ್ಚಿ ಮ್ಯಾಲ ಕುಂತ್ರ ನಾಳಿ ಮನ್ಯಾಗ ನನಗ ಕುಂದ್ರಾಕ ಜಾಗಾ ಇರಂಗಿಲ್ಲ."

ಸರಿ, ಅತ್ತೆಯನ್ನೇ ಮೊದಲು ಕೂರಿಸೋಣ ಎಂದು ಅವಳ ಬಳಿ ಹೋದೆ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಕಲಸಾಕಿ ನೀ ನಿಂತೀದಿ. ನಾ ಹೆಂಗ ಕುಂದರ್ಲೆವಾ ನಿನ್ನ ಮುಂದ ಖುರ್ಚಿ ಮ್ಯಾಲ?"

ನಾನು ಕೂತರೆ ಅವರೂ ಕೂರುತ್ತಾರೆ ಎಂದು ನಾನೇ ಒಂದು ಖುರ್ಚಿಯಲ್ಲಿ ಕೂತೆ. ಎಂಥ ತಪ್ಪು! ಅಕ್ಕೋರು ಖುರ್ಚಿಯ ಮೇಲೆ ಕೂತ ಮೇಲೆ ನೆಲ ಬಿಟ್ಟು ಬೇರೆ ಜಾಗವೇ ಉಳಿಯಲಿಲ್ಲ. ಅವತ್ತು ಖುರ್ಚಿಯಲ್ಲಿ ಕೂತು ಯೋಗ ಮಾಡಿದವಳು ನಾನೊಬ್ಬಳೇ, ಊರ ಹೆಂಗಸರೆಲ್ಲ ಕೆಳಗೆ ಕೂತು ನೋಡಿದರು. ಖುರ್ಚಿ ಎಲ್ಲಕ್ಕಿಂತ ಸುಲಭದ ಸಾಧನ ಎಂದು ಆಶ್ರಮದಲ್ಲಿ ಹೇಳಿಕೊಟ್ಟಿದ್ದರು. ಅವರು ನಮ್ಮ ಕಡೆಯ ಅತ್ತೆಯಂದಿರನ್ನು ನೋಡಿರಲಿಲ್ಲ.

ಅಲ್ಲಿಂದ ನನ್ನ ಪದ್ಧತಿ ಬದಲಾಯಿತು. ಖುರ್ಚಿ ಬಿಟ್ಟು ಮನೆಯ ಮುಂದಿನ ಕಟ್ಟೆ ಹಿಡಿದೆ. ಕಟ್ಟೆಯ ಮೇಲೆ ಸಂಜೆ ಹೊತ್ತು ಎಲ್ಲರೂ ಕೂರುತ್ತಾರೆ, ಅದಕ್ಕೆ ಮೇಲು ಕೀಳು ಇಲ್ಲ. ಹಗ್ಗದ ಹೊರಸಿನ ಅಂಚು, ಜೋಳದ ಚೀಲ, ಹಳೆ ಸೀರೆಯ ಕೌದಿ, ಎಲ್ಲವೂ ನನ್ನ ಸಾಮಾನಾದವು. ಕಳ್ಳಕವಟಗಿಯ ಒಬ್ಬ ಹೆಂಗಸು ಮಗ್ಗುಲು ತಿರುಗಲೂ ಆಗದಷ್ಟು ಸೊಂಟನೋವಿನಿಂದ ಗಾಡಿಯಲ್ಲಿ ಮಲಗಿಕೊಂಡು ಬಂದಿದ್ದಳು. ಹೊರಸಿನ ಮೇಲೆ ಕಾಲು ಎತ್ತಿಟ್ಟು ನೆಲದ ಮೇಲೆ ಬೆನ್ನು ಚಾಚಿಸಿ ಮಲಗಿಸಿದೆ. ಸ್ವಲ್ಪ ಹೊತ್ತಿಗೆ ಗೊರಕೆ ಹೊಡೆದಳು. ಎದ್ದ ಮೇಲೆ ನಾಚಿಕೊಂಡು, "ಹಿಂಗ ನಿದ್ದಿ ಮಾಡಿ ಎಷ್ಟ ದಿನಾ ಆಗಿತ್ತೋ ಯಪ್ಪಾ" ಎಂದಳು. ವಾರ ವಾರವೂ ಸಂತೆಗೆ ಬಂದಾಗ ನನ್ನ ಬಳಿ ಬರುತ್ತಿದ್ದಳು.

ಆದರೆ ಮಾಸ್ತರುಗಳ ಭಾನುವಾರದ ತರಗತಿ ನೆಟ್ಟಗೆ ನಡೆಯಲೇ ಇಲ್ಲ. ಮೊದಲ ಸಲ ಚಹಾಕ್ಕೆ ಎಂದು ಕೆಲವರು ಬಂದರು. ದಿಂಬು ಕಂಬಳಿ ನೋಡಿ, "ಇದು ಬಾಣಂತ್ಯಾರ ಯೋಗ" ಎಂದು ತಮ್ಮತಮ್ಮಲ್ಲೇ ನಕ್ಕರು. ಎರಡನೆಯ ಸಲಕ್ಕೆ ಚಹಾದ ಆಸೆಯೂ ಅವರನ್ನು ಎಳೆದು ತರಲಿಲ್ಲ. ನಾನು ಕಂಬಳಿ ಹಾಸಿ, ಲೋಡು ಜೋಡಿಸಿ, ಖಾಲಿ ವರ್ಗದಲ್ಲಿ ಕೂತಿರುತ್ತಿದ್ದೆ. ಮಸೀದಿಯಿಂದ ಮಧ್ಯಾಹ್ನದ ಬಾಂಗ್ ಕೇಳಿಸುತ್ತಿತ್ತು. ಆಮೇಲೆ ಎಲ್ಲವನ್ನೂ ಮಡಚಿ ಒಳಗಿಡುತ್ತಿದ್ದೆ.

ಇಡೀ ವಾರ ಊರೂರ ಹೆಂಗಸರ ಹೆಗಲು, ಬೆನ್ನು, ಕುತ್ತಿಗೆಗೆ ಕೈ ಹಚ್ಚಿ ನೋವು ಎಲ್ಲಿ ಎಂದು ಕೇಳುವುದು ನನ್ನ ಕೆಲಸ. ಸಂಜೆ ಮನೆಗೆ ಬಂದರೆ ಬೆನ್ನಿನ ನಡುವೆ, ನನ್ನ ಕೈ ಮುಟ್ಟದ ಜಾಗದಲ್ಲಿ ನನಗೇ ನೋವು. ಗೋಡೆಗೆ ಲೋಡು ಒತ್ತಿಕೊಂಡು ನಿಲ್ಲುತ್ತಿದ್ದೆ. ನನ್ನ ಮೈಗೆ ಇನ್ನೊಬ್ಬರ ಕೈ ತಾಗಿ ಎಷ್ಟು ಕಾಲವಾಯಿತು ಎಂದು ಒಮ್ಮೊಮ್ಮೆ ಯೋಚಿಸುತ್ತಿದ್ದೆ, ಉತ್ತರ ಹೊಳೆಯುವ ಮೊದಲೇ ಒಲೆ ಹಚ್ಚಲು ಹೋಗುತ್ತಿದ್ದೆ.

ಭಾನುವಾರದ ತರಗತಿಗೆ ಒಮ್ಮೆಯೂ ಬಾರದವರು ಬಬಲೇಶ್ವರದ ಚನ್ನಬಸಪ್ಪ ಮಾಸ್ತರು. ನಮ್ಮ ಯೋಗ ಶಿಕ್ಷಕರಲ್ಲೆಲ್ಲ ಹಿರಿಯರು, ಹನುಮಪ್ಪನ ಗುಡಿಯ ಪೌಳಿಯಲ್ಲಿ, ಅಂದರೆ ಸುತ್ತಿನ ಕಂಬಗಳ ಅಂಗಳದಲ್ಲಿ, ಬಹಳ ವರ್ಷಗಳಿಂದ ಬೆಳಗಿನ ವರ್ಗ ನಡೆಸುತ್ತಿದ್ದವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅವರೊಬ್ಬರು ಬಂದರೆ ಉಳಿದವರೂ ಹಿಂದೆ ಬಂದಾರು ಎಂದು ನಾನೇ ಕರೆಯಲು ಹೋದೆ. ಮೊದಲ ಬಸ್ಸಿಗೆ ಹತ್ತಿ, ಸಾರವಾಡ ದಾಟಿ ಬಬಲೇಶ್ವರದಲ್ಲಿ ಇಳಿಯುವ ಹೊತ್ತಿಗೆ ವರ್ಗ ಮುಗಿದಿತ್ತು. ಮಾಸ್ತರು ಕಂಬದ ಪಕ್ಕ ಕಣ್ಣು ಮುಚ್ಚಿ ಕೂತಿದ್ದರು. ಸೊಂಟದಿಂದ ಕೆಳಗೆ ಶಾಲು ಹೊದ್ದಿದ್ದರು. ಶಿಷ್ಯರು ಒಬ್ಬೊಬ್ಬರಾಗಿ ಬಂದು ಅವರ ಮುಂದೆ ಹಣೆ ನೆಲಕ್ಕಿಟ್ಟು ಸದ್ದು ಮಾಡದೆ ಹೋಗುತ್ತಿದ್ದರು. ಹಿಂದಿನ ಗೋಡೆಯ ಹತ್ತಿರ ಮಂಡಿನೋವಿನ ಕೆಲವು ಮುದುಕಿಯರು ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಪಕ್ಕದಲ್ಲೇ ಕಟ್ಟೆಯಿತ್ತು, ಗುರು ಕೆಳಗೆ ಕೂತಿರುವಾಗ ಅದರ ಮೇಲೆ ಕೂರುವುದು ಹೇಗೆ? ಅವರೂ ಗೋಡೆ ಹಿಡಿದು ಎದ್ದು ಹೋದರು.

"ಮಾಸ್ತರು ಧ್ಯಾನದಾಗ ಅದಾರ್ರಿ," ಎಂದ ಹೋಗುತ್ತಿದ್ದವನೊಬ್ಬ. "ನಾವೆಲ್ಲಾ ಹೋದ ಮ್ಯಾಲೂ ಏಳಂಗಿಲ್ಲ. ಮೂರ್ನಾಲ್ಕ ವರ್ಸದಿಂದ ಹಿಂಗ. ದೊಡ್ಡ ಜೀವ ಐತ್ರಿ."

ಧ್ಯಾನ ಕೆಡಿಸಬಾರದೆಂದು ನಾನು ಆಚೆ ಕಂಬದ ಹಿಂದೆ ಕೂತು ಕಾದೆ. ಪೌಳಿಯಲ್ಲಿ ಗುಬ್ಬಿ ಬಿಟ್ಟರೆ ಯಾರೂ ಇರಲಿಲ್ಲ. ಮಾಸ್ತರು ಒಂದು ಕಣ್ಣು ತೆರೆದರು. ಬಾಗಿಲ ಕಡೆ ನೋಡಿದರು. ಮೊಣಕಾಲ ಮೇಲಿನ ಶಾಲು ತೆಗೆದರು. ಎಲ್ಲರೂ ನಂಬಿದ್ದ ಪದ್ಮಾಸನ ಅದರ ಕೆಳಗೆ ಇರಲಿಲ್ಲ. ಬಲಗಾಲು ಅರ್ಧ ಚಾಚಿತ್ತು, ಮೊಣಕಾಲು ಬಾತುಕೊಂಡಿತ್ತು. ಕಂಬಕ್ಕೆ ಎರಡೂ ಕೈ ಹಚ್ಚಿ ಏಳಲು ನೋಡಿದರು, ಜಾರಿದರು. ಮತ್ತೆ ಹಿಡಿದರು. ಕೊನೆಗೆ ಮಗ್ಗುಲಿಗೆ ಉರುಳಿ, ಅಂಗೈ ಊರಿ, ಹಲ್ಲು ಕಚ್ಚಿ ಅರ್ಧ ಎದ್ದಾಗ ನಾನು ಕಣ್ಣಿಗೆ ಬಿದ್ದೆ.

"ಯಾರು?" ಎಂದು ಗದರಿದರು. "ಎಲ್ಲಾರೂ ಹೋದ್ರಲ್ಲ, ನೀವ್ಯಾಕ ಕುಂತೀರಿ?"

ನಾನು ಓಡಿಹೋಗಿ ಕೈ ಚಾಚಿದೆ. ಹಿಡಿಯಲಿಲ್ಲ. ಕಂಬವನ್ನೇ ತಬ್ಬಿ ನಿಂತು ಉಸಿರು ತಗೊಂಡರು. ನಾನು ಯಾರೆಂದು ಹೇಳಿದೆ. ಅವರು ಬೆವರು ಒರೆಸಿಕೊಂಡು ಕಟ್ಟೆಯ ಮೇಲೆ ಕೂತರು. ಆಮೇಲೆ ದನಿ ಇಳಿಯಿತು.

"ಮದಲ ಮದಲ ಬ್ಯಾನಿ ಆತು ಅಂತ ಜರಾ ತಡಾ ಮಾಡಿ ಏಳ್ತಿದ್ದೆ. ಮಂದಿ ಅದನ್ನ ಧ್ಯಾನ ಅಂದ್ರು. ಆಮ್ಯಾಲ ಕಾಲಿಗೆ ಬೀಳಾಕ ಶುರು ಮಾಡಿದ್ರು. ಈಗ ಹೆಂಗ ಹೇಳ್ಲಿ ಅಕ್ಕೋರ, ಇದು ಧ್ಯಾನ ಅಲ್ಲೋ, ನನಗ ಏಳಾಕ ಬರವಲ್ದೋ ಅಂತ?"

"ಮನ್ಯಾಗ ಹೆಂಗ ಮಾಡ್ತೀರಿ?"

"ಹೊರಸಿನ ಮ್ಯಾಲ ಮಲಗ್ತೀನಿ. ಅಲ್ಲಿ ಯಾರ ನೋಡ್ತಾರ?"

ಆಶ್ರಮದಲ್ಲಿ ಕಲಿತದ್ದನ್ನು ಹೇಳಿದೆ. ಕೂರುವಾಗ ಕೆಳಗೆ ಕೌದಿಯ ಎತ್ತರದ ಮಡಿಕೆ ಹಾಕಿಕೊಳ್ಳಿ, ಹೊರಸಿನ ಅಂಚಿನಲ್ಲಿ ಕೂತು ದಿನಾ ಕಾಲು ನೀಡಿ ತೊಡೆ ಬಿಗಿ ಮಾಡಿ, ನೆಲಕ್ಕೆ ಕೂರುವುದನ್ನು ಬಿಟ್ಟು ಖುರ್ಚಿಯಲ್ಲಿ ಕೂತು ಕಲಿಸಿ ಎಂದೆ. ಕೌದಿಗೆ ತಲೆಯಾಡಿಸಿದರು. ಕಾಲು ನೀಡುವುದಕ್ಕೂ ತಲೆಯಾಡಿಸಿದರು. ಖುರ್ಚಿ ಎಂದದ್ದೇ ಮುಖ ಬಿಗಿಯಿತು.

"ಖುರ್ಚಿ ಮ್ಯಾಲ ಕುಂತ ಯೋಗದ ಮಾಸ್ತರಗ ಯಾರ ಬರ್ತಾರ್ರಿ? ಸಾಲಿಯಿಂದ ರಿಟೈರ್ ಆಗೂ ವ್ಯಾಳ್ಯಾ ಬಂತು. ಇದೊಂದು ವರ್ಗ ಹೋತಂದ್ರ ಮುಂಜಾನಿ ಎದ್ದು ನಾ ಎಲ್ಲಿಗೆ ಹೋಗ್ಲಿ?"

ಮುಂಜಾನೆ ಎದ್ದು ಎಲ್ಲಿಗೆ ಹೋಗಲಿ ಎಂಬ ಪ್ರಶ್ನೆ ನನ್ನದೂ ಆಗಿತ್ತು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟು ಬಂದೆ.

ಇನ್ನೊಮ್ಮೆ ಹೋಗಿ ಮೊಣಕಾಲಿನ ಅಭ್ಯಾಸ ತೋರಿಸಿ ಬಂದೆ. ಆ ಸಲ ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಮುಂದೆ ನಾನು ಹಾದಾಗ ಮಾತುಗಳು ನಿಂತವು. ಮದುವೆಯಾಗದ ಅಕ್ಕೋರು, ಹೆಂಡತಿ ಇಲ್ಲದ ಮಾಸ್ತರು, ಖಾಲಿ ಪೌಳಿ. ಮೂರನೆಯ ಸಲ ನಾನು ಹೋಗಲಿಲ್ಲ.

ಅಷ್ಟರಲ್ಲಿ ಮಾಸ್ತರ ಧ್ಯಾನದ ಸುದ್ದಿ ಸಾಹೇಬರ ಕಿವಿಗೆ ಬಿತ್ತು. ಅವರಿಗೆ ಕೇಳಬೇಕೇ! "ನಮ್ಮ ಸಂಸ್ಥೆಯೊಳಗ ಇಂಥಾ ಸಾಧಕರು ಅದಾರ, ನನಗ ಗೊತ್ತಿಲ್ಲಲ್ಲ!" ಎಂದು ಕುಣಿದಾಡಿದರು. ಬಬಲೇಶ್ವರದ ಪೌಳಿಯಲ್ಲೇ ಸತ್ಕಾರ ಆಗಬೇಕು. ಆ ತಿಂಗಳ ಭಾನುವಾರದ ತರಗತಿಯೂ ಅಲ್ಲೇ. ಮಾಸ್ತರುಗಳೆಲ್ಲ ಬರಬೇಕು, ಹೋಳಿಗೆ ಊಟ ಉಂಟು. ಚನ್ನಬಸಪ್ಪನವರು ಎಲ್ಲರೆದುರು ಧ್ಯಾನಕ್ಕೆ ಕೂರಬೇಕು, ಎದ್ದು ಬಂದು ಶಾಲು ಹೊದಿಸಿಕೊಳ್ಳಬೇಕು. ಫೋಟೋದವನಿಗೂ ಹೇಳಿಯಾಗಿತ್ತು.

ನಾನು ನಡುವೆ ಬಾಯಿ ಹಾಕಿದೆ. "ಸಾಹೇಬ್ರ, ಅವರನ್ನ ಖುರ್ಚಿ ಮ್ಯಾಲ ಕುಂದ್ರಿಸಿ ಸತ್ಕಾರ ಮಾಡಿದ್ರ ಆಗಂಗಿಲ್ಲೇನ್ರಿ?"

"ಖುರ್ಚಿ ಮ್ಯಾಲ ನನ್ನಂಥಾವ್ರಿಗೆ ಸತ್ಕಾರ ಮಾಡ್ತಾರ್ರಿ. ಅವರು ಧ್ಯಾನದಿಂದ ಏಳೂದನ್ನ ಮಂದಿ ನೋಡಬೇಕು."

ನಿಜ ಹೇಳಿದರೆ ಸತ್ಕಾರ ನಿಲ್ಲುತ್ತಿತ್ತು. ಕೊಟ್ಟ ಮಾತೂ ಹೋಗುತ್ತಿತ್ತು, ಮಾಸ್ತರ ವರ್ಗವೂ ಹೋಗುತ್ತಿತ್ತು. ನಮಸ್ಕಾರ ಮಾಡಿ ಹೊರಗೆ ಬಂದೆ. ಆ ವಾರವಿಡೀ ಅವರು ಕಂಬ ತಬ್ಬಿ ನಿಂತದ್ದೇ ಕಣ್ಣ ಮುಂದೆ. ಅವರಿಗೆ ನೋವು ಒಂದು ಕಡೆ ಇರಲಿ, ಅದನ್ನು ಬಚ್ಚಿಡುವ ಕೆಲಸವನ್ನೂ ಒಬ್ಬರೇ ಮಾಡಬೇಕಾಗಿತ್ತಲ್ಲ.

ಭಾನುವಾರ ಪೌಳಿ ತುಂಬಿತ್ತು. ನನ್ನ ತರಗತಿಗೆ ಬರುವುದನ್ನೇ ಬಿಟ್ಟಿದ್ದ ಮಾಸ್ತರುಗಳೆಲ್ಲ ಹೋಳಿಗೆಯ ವಾಸನೆಗೆ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಇಡೀ ಪೌಳಿಗೆ ಇದ್ದದ್ದು ಒಂದೇ ಖುರ್ಚಿ, ಅದರಲ್ಲಿ ದೇಸಾಯಿ ಸಾಹೇಬರು. ಚನ್ನಬಸಪ್ಪ ಮಾಸ್ತರು ಎಲ್ಲರಿಗಿಂತ ಮೊದಲೇ ಬಂದು ಕೂತಾಗಿತ್ತು. ಆದರೆ ಸಾಹೇಬರ ಜನ ಅವರನ್ನು ಎಲ್ಲರಿಗೂ ಕಾಣಲಿ ಎಂದು ಜಮಖಾನೆಯ ಸಮೇತ ನಡು ಅಂಗಳಕ್ಕೆ ಜಗ್ಗಿ ತಂದಿದ್ದರು. ಕೈಗೆ ಎಟುಕುವ ಹತ್ತಿರದಲ್ಲಿ ಕಂಬ ಇರಲಿಲ್ಲ.

ಪ್ರಾರ್ಥನೆ ಆಯಿತು, ಭಾಷಣ ಆಯಿತು. ಸಾಹೇಬರು ಶಾಲು ಕೈಯಲ್ಲಿ ಹಿಡಿದು, ಮಾಸ್ತರು ಕಣ್ಣು ತೆರೆಯಲಿ ಎಂದು ಕಾದರು. ಫೋಟೋದವನು ಕ್ಯಾಮೆರಾ ಎತ್ತಿ ಹಿಡಿದ. ಜನ ಉಸಿರು ಹಿಡಿದು ಕೂತರು. ಬಿಸಿಲು ಏರಿತು. ಮಾಸ್ತರ ಹಣೆಯಿಂದ ಬೆವರಿನ ಹನಿ ಮೂಗಿಗೆ ಇಳಿಯುವುದು ನನಗೆ ಕಾಣುತ್ತಿತ್ತು. "ಆಹಾ, ಮೈಮ್ಯಾಲ ಖಬರ ಇಲ್ಲ ನೋಡ್ರಿ" ಎಂದು ಒಬ್ಬ ಪಿಸುಗುಟ್ಟಿದ. ಅವರು ಏಳುವವರೆಗೆ ಯಾರೂ ಹೋಗುವವರಲ್ಲ, ಎಲ್ಲರೂ ಹೋಗುವವರೆಗೆ ಅವರು ಏಳುವವರಲ್ಲ.

ಮಾಸ್ತರು ಕಣ್ಣು ತೆರೆದರು. ಸಾಹೇಬರನ್ನು ನೋಡಲಿಲ್ಲ. ಹುಡುಕಿ ನನ್ನನ್ನು ನೋಡಿದರು. ಕಾಲ ಮೇಲೆ ಹೊದ್ದಿದ್ದ ಶಾಲು ತೆಗೆದು ಮೊಣಕಾಲು ಎಲ್ಲರಿಗೂ ಕಾಣುವಂತೆ ಮಾಡಿ, ಬಲಗೈ ಮುಂದೆ ಚಾಚಿದರು.

"ಅಕ್ಕೋರ, ಕೈ ಕೊಡ್ರಿ. ನನಗ ಏಳಾಕ ಬರಂಗಿಲ್ಲ."

ಆ ಮಾತು ಪೌಳಿಯ ಮೂಲೆಮೂಲೆಗೂ ಕೇಳಿಸಿತು. ನಾನು ಎದ್ದೆ. ಚಹಾದಂಗಡಿಯ ಮುಖಗಳೆಲ್ಲ ಅಲ್ಲೇ ಇದ್ದವು. ಮಾಸ್ತರ ಕೈ ಹಿಡಿದೆ. ಅದು ತಣ್ಣಗಿತ್ತು. ಆಮೇಲೆ ಸಾಹೇಬರ ಕಡೆ ತಿರುಗಿ, "ಸಾಹೇಬ್ರ, ನಿಮ್ಮ ಖುರ್ಚಿ ಬೇಕಾಗೈತ್ರಿ" ಎಂದೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ ಇಂದಿಗೂ ತಿಳಿಯದು. ಸಾಹೇಬರು ಏನೂ ತೋಚದೆ ಎದ್ದು ನಿಂತರು. ಖುರ್ಚಿಯನ್ನು ಮಾಸ್ತರ ಮುಂದೆ ಇಟ್ಟೆ.

ಪಾಠದ ದನಿಯಲ್ಲಿ ಮಾತಾಡತೊಡಗಿದೆ. "ನೋಡ್ರಿ, ಕೈ ಹಿಡದು ಜಗ್ಗಬಾರದು. ಜಗ್ಗಿದ್ರ ಹೆಗಲು ಹೋಗ್ತದ, ಮೊಣಕಾಲೂ ಹೋಗ್ತದ. ಮದಲ ಮಗ್ಗಲಾಗಬೇಕು. ಕುಂತಿದ್ದ ಕೌದಿ ಮೊಣಕಾಲ ಬುಡಕ. ಎರಡೂ ಅಂಗೈ ಖುರ್ಚಿ ಮ್ಯಾಲ. ಈಗ ನೋವು ಇಲ್ಲದ ಕಾಲು ಮುಂದ. ಉಸಿರು ಬಿಡ್ರಿ ಮಾಸ್ತರ. ಈಗ ಏಳ್ರಿ." ನನ್ನ ಕೈ ಅವರ ಸೊಂಟದ ಹಿಂದೆ ಇತ್ತು. ಅವರು ಎದ್ದರು. ತಿರುಗಿಸಿ ಸಾಹೇಬರ ಖುರ್ಚಿಯಲ್ಲಿ ಕೂರಿಸಿದೆ. ಮುಂದಿನ ಸಾಲಿನ ಮಾಸ್ತರುಗಳು ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಅಷ್ಟು ದಿನ ಖಾಲಿ ವರ್ಗದಲ್ಲಿ ಕಾದ ಪಾಠ ಅದು, ಅವತ್ತು ಪೂರ್ತಿಯಾಗಿ ನಡೆಯಿತು.

ಮಾಸ್ತರು ಮುಖ ಒರೆಸಿಕೊಂಡು, ಹಿಂದಿನ ಗೋಡೆಯ ಹತ್ತಿರ ನೆಲಕ್ಕೆ ಕೂತಿದ್ದ ಮಂಡಿನೋವಿನ ಮುದುಕಿಯರ ಕಡೆ ನೋಡಿದರು. "ಯಮನವ್ವ, ನೀವೆಲ್ಲಾ ಇನ್ನ ಕಟ್ಟಿ ಮ್ಯಾಲ ಕುಂದರ್ರಿ. ನಾ ಮ್ಯಾಲ ಕುಂತೇನಿ."

ಮುದುಕಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಮನವ್ವ ಗೋಡೆ ಹಿಡಿದು ಎದ್ದು ಮೊದಲು ಕಟ್ಟೆಯ ಮೇಲೆ ಕೂತಳು. "ಉಸ್ಸಪ್ಪಾ" ಎಂದಳು. ಉಳಿದವರೂ ಕೂತರು. ಸಾಹೇಬರು ನಿಂತೇ ಶಾಲು ಹೊದಿಸಿದರು.

ಹೋಳಿಗೆ ಊಟದ ಹೊತ್ತಿಗೆ ಒಬ್ಬ ಮಾಸ್ತರು ಎಲೆಯಿಂದೆದ್ದು ನನ್ನ ಹತ್ತಿರ ಬಂದು, "ಅಕ್ಕೋರ, ಶೀರ್ಷಾಸನ ಹಾಕಿದ್ರ ನನಗ ಕುತಗಿ ಜಿಮುಗುಡ್ತದ್ರಿ, ಯಾರಿಗೂ ಹೇಳಿಲ್ಲ" ಎಂದರು. ಆಮೇಲೆ ಇನ್ನೊಬ್ಬರು, ಹೆಗಲು. ಮತ್ತೊಬ್ಬರು, ಸೊಂಟ. ಎಲ್ಲರ ಬಳಿಯೂ ಒಂದೊಂದು ಬಚ್ಚಿಟ್ಟ ನೋವು ಇತ್ತು. ಮುಂದಿನ ಭಾನುವಾರಗಳಲ್ಲಿ ನನ್ನ ಕಂಬಳಿಗಳು ಸಾಲದೆ ಬಂದವು.

ಇದರಿಂದ ಎಲ್ಲವೂ ಸುಖವಾಯಿತು ಎಂದು ತಿಳಿಯಬೇಡಿ. ಮಾಸ್ತರ ಕಾಲಿಗೆ ಬೀಳುವುದು ಅಂದಿಗೇ ನಿಂತಿತು. "ತಪಸ್ಸು ಮುರೀತು" ಎಂದು ಕೆಲವರು ವರ್ಗ ಬಿಟ್ಟರು. ಅವರ ಜಾಗಕ್ಕೆ ಮುದುಕಿಯರು, ಮುದುಕರು, ಪೋಲಿಯೋ ಆದ ಒಬ್ಬ ದರ್ಜಿ ಬಂದರು. ಕಟ್ಟೆಯ ಮೇಲೆ ಅವರು, ಖುರ್ಚಿಯಲ್ಲಿ ಮಾಸ್ತರು. ವರ್ಗ ಉಳಿಯಿತು. ನನಗೆ ಮಾತ್ರ ಸಾಹೇಬರು ಕರೆದು, "ಹೆಣ್ಣಮಗಳು ಹಂಗ ಮಂದ್ಯಾಗ ಗಂಡಸರ ಕೈ ಹಿಡಿಯೂದು ಚಂದ ಕಾಣಂಗಿಲ್ರಿ" ಎಂದರು. ಬಬಲೇಶ್ವರದ ಕಡೆಯ ಹಳ್ಳಿಗಳನ್ನು ನನ್ನಿಂದ ತೆಗೆದು ಒಬ್ಬ ಮಾಸ್ತರಿಗೆ ಕೊಟ್ಟರು. ನನಗೆ ಟಿಕೋಟಾದ ದಾರಿ ಒಂದೇ ಉಳಿಯಿತು.

ಚನ್ನಬಸಪ್ಪ ಮಾಸ್ತರನ್ನು ಆಮೇಲೆ ನೋಡಿದ್ದು ಒಂದೇ ಸಲ. ವಿಜಾಪುರಕ್ಕೆ ಏನೋ ಕೆಲಸಕ್ಕೆ ಬಂದವರು ಸಾಲೆಯ ಗೇಟಿನ ಹತ್ತಿರ ಕೋಲು ಊರಿ ನಿಂತಿದ್ದರು. "ಬಸ್ಸಿನ ಮೆಟ್ಟಲಾ ನಾನ ಹತ್ತಿ ಬಂದೇನ್ರಿ, ನೀವ ನೋಡ್ಲಿ ಅಂತ ಬಂದೆ" ಎಂದರು. ನೀರು ಕೊಟ್ಟೆ. ಕುಡಿದರು. ಸಾಲೆಯ ಗಂಟೆ ಹೊಡೆಯಿತು. ಇನ್ನೊಂದಿಷ್ಟು ಹೊತ್ತು ನಿಲ್ಲಿ ಎನ್ನಬೇಕೆನಿಸಿತು, ಗೇಟಿನಲ್ಲಿ ಹುಡುಗಿಯರಿದ್ದರು. ಮಾಸ್ತರು ನಿಧಾನವಾಗಿ ಗಾಂಧಿ ಚೌಕದ ಕಡೆ ಹೋದರು. ಗಟ್ಟಿಯಾಗಿ ನಡೆಯುತ್ತಿದ್ದಾರೆ ಎಂದು ಸಂತೋಷವಾಯಿತು, ಹೋಗುತ್ತಿದ್ದಾರೆ ಎಂದು ಸಂಕಟವೂ ಆಯಿತು.

ಹೊಸಬರಿಗೆ ನಾನು ಹೇಳುವ ಕಸಬಿನ ಗುಟ್ಟು ಇದೊಂದೇ. ವರ್ಗ ಮುಗಿದ ಮೇಲೆ ಬಾಗಿಲಿಗೆ ಹೋಗುವವರನ್ನು ನೋಡಬೇಡಿ. ಯಾರು ಏಳದೆ ಕೂತಿದ್ದಾರೆ ಎಂದು ನೋಡಿ. ಅವರು ಕಣ್ಣು ಮುಚ್ಚಿದ್ದರೂ ಹತ್ತಿರ ಹೋಗಿ.

ಈಗ ನನ್ನ ಮೊಣಕಾಲುಗಳೂ ಸವೆದಿವೆ. ಅಭ್ಯಾಸ ಬಲ, ಬೆಳಿಗ್ಗೆ ಕಿಟಕಿಯ ಹತ್ತಿರ ಜಮಖಾನೆ ಹಾಸಿ ನೆಲಕ್ಕೇ ಕೂರುತ್ತೇನೆ. ನನ್ನ ಬಾಡಿಗೆ ಮನೆಯ ಮಾಲೀಕರ ಸೊಸೆ ಶಾಹೀನ್ ಕಾಯಿಸಿದ ಹಾಲು ತಂದು ಕೊಡುತ್ತಾಳೆ. ನಾನು ಕಣ್ಣು ಮುಚ್ಚಿದ್ದು ಕಂಡರೆ ತುದಿಗಾಲಲ್ಲಿ ಬಂದು, ಪಾತ್ರೆ ಇಟ್ಟು, ಬಾಗಿಲು ಮುಂದೆ ಮಾಡಿ ಹೋಗುತ್ತಾಳೆ. "ಅಕ್ಕೋರು ಎಷ್ಟ ಹೊತ್ತು ಧ್ಯಾನ ಮಾಡ್ತಾರ" ಎಂದು ಓಣಿಯಲ್ಲೆಲ್ಲ ಹೇಳಿದ್ದಾಳಂತೆ. ಅವಳು ಹೋಗುವುದನ್ನೇ ಕಾಯುತ್ತಿರುತ್ತೇನೆ, ಆಮೇಲೆ ಕಿಟಕಿಯ ಸರಳು ಹಿಡಿದು ಏಳುತ್ತೇನೆ. ಇದನ್ನು ಕೆಲವು ತಿಂಗಳಿಂದ ನಡೆಸಿದ್ದೇನೆ, ಊರಿಗೆಲ್ಲ ಬುದ್ಧಿ ಹೇಳಿದ ನಾನು.

ಇವತ್ತು ಬೆಳಿಗ್ಗೆ ಪಾತ್ರೆ ಕೆಳಗಿಡುವ ಸದ್ದಾಯಿತು. ಕಣ್ಣು ತೆರೆದೆ. ಅವಳು ಬಾಗಿಲು ಮುಂದೆ ಮಾಡುತ್ತಿದ್ದಳು.

"ಶಾಹೀನ, ಹೋಗಬ್ಯಾಡವಾ. ಕೈ ಕೊಡು ಬಾ."

"ಧ್ಯಾನ ಮುಗೀತೇನ್ರಿ ಅಕ್ಕೋರ?"

"ಧ್ಯಾನ ಅಲ್ಲವಾ. ಏಳಾಕ ಬರವಲ್ದು."

ಅವಳು ಓಡಿಬಂದು ಕೈ ಚಾಚಿದಳು. ಹಾಲಿನ ಪಾತ್ರೆ ಹಿಡಿದಿದ್ದ ಆ ಕೈ ಬೆಚ್ಚಗಾಗಿತ್ತು. ಎದ್ದು ನಿಂತ ಮೇಲೂ ನಾನು ಅದನ್ನು ಬೇಗ ಬಿಡಲಿಲ್ಲ.